ಪಟ್ಟಣದ ವರ್ತಕರು ಮತ್ತು ಮಧುಮೇಹ

ಮಧುಮೇಹವು ಸಿರಿವಂತ ರಾಷ್ಟ್ರಗಳ ರೋಗವೆಂಬ ನಂಬಿಕೆ ಈಗ ಸುಳ್ಳಾಗಿದೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜಿನಂತೆ, 2024ರಲ್ಲಿ ಜಗತ್ತಿನ ಸುಮಾರು 58.9 ಕೋಟಿ ವಯಸ್ಕರು ಈ ರೋಗಕ್ಕೆ ಒಳಗಾಗಿದ್ದು, ಪ್ರತಿ ಐವರಲ್ಲಿ ನಾಲ್ವರು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರಾಗಿದ್ದಾರೆ. ಇವರಲ್ಲಿ ಶೇ. 90ಕ್ಕೂ ಹೆಚ್ಚು ಜನರದು ಎರಡನೆಯ ವಿಧದ ಮಧುಮೇಹ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ ಮಧುಮೇಹಿಗಳ ಪ್ರಮಾಣ ನಗರ ಪ್ರದೇಶದಲ್ಲಿ ಶೇ. 16.4, ಗ್ರಾಮೀಣ ಪ್ರದೇಶದಲ್ಲಿ ಶೇ. 8.9 ಎಂದು ಕಂಡುಬಂದಿದೆ. ಆದರೆ ಮಧುಮೇಹಪೂರ್ವ ಸ್ಥಿತಿಯಲ್ಲಿ ನಗರಕ್ಕೂ ಹಳ್ಳಿಗೂ ಹೆಚ್ಚಿನ ಅಂತರವಿಲ್ಲ. ಇಂದು ಪಟ್ಟಣದಲ್ಲಿರುವ ರೋಗ ನಾಳೆ ಹಳ್ಳಿಯನ್ನೂ ಮುಟ್ಟಬಹುದೆಂಬುದು ಇದರ ಅರ್ಥ. ಹಳ್ಳಿಗಳೊಡನೆಯೇ ವ್ಯವಹಾರವಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ವರ್ತಕರು ಇದನ್ನು ಗಮನಿಸಬೇಕು.

ಪಟ್ಟಣದಲ್ಲಿ ರೋಗ ಹೆಚ್ಚಲು ಕಾರಣ ಸ್ಪಷ್ಟವಾಗಿದೆ. ದೇಹದಲ್ಲಿ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡದಿದ್ದಾಗ ರಕ್ತದಲ್ಲಿ ಸಕ್ಕರೆ ಉಳಿಯುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು ಮತ್ತು ಶ್ರಮದ ಕೊರತೆ ಇದನ್ನು ಹೆಚ್ಚಿಸುತ್ತವೆ. ಭಾರತೀಯರಲ್ಲಿ ತೂಕ ಅತಿಯಾಗಿರದಿದ್ದರೂ ಹೊಟ್ಟೆಯ ಕೊಬ್ಬು ಅಪಾಯ ತರುತ್ತದೆ. ಅಡತಿ ಅಂಗಡಿಯಲ್ಲಿ ಹಮಾಲರು ದಿನವಿಡೀ ಚೀಲ ಹೊರುತ್ತಾರೆ. ಮಾಲೀಕರು ಗಾದಿಯ ಮೇಲೆ ಕುಳಿತು ಬಂದವರೊಡನೆಲ್ಲ ಸಕ್ಕರೆಯ ಚಹಾ ಕುಡಿಯುತ್ತಾರೆ. ಇಬ್ಬರ ಮನೆಯಲ್ಲೂ ಅದೇ ಜೋಳದ ರೊಟ್ಟಿಯಾದರೂ ದೇಹದ ಲೆಕ್ಕ ಬೇರೆಯಾಗುತ್ತದೆ.

ಮೊದಲ ವರ್ಷಗಳಲ್ಲಿ ಈ ರೋಗ ಯಾವ ನೋವನ್ನೂ ಕೊಡದಿರಬಹುದು. ಅಷ್ಟರಲ್ಲಿ ಕಣ್ಣು, ಮೂತ್ರಪಿಂಡ, ನರ ಹಾಗೂ ಹೃದಯಕ್ಕೆ ಹಾನಿಯಾಗತೊಡಗುತ್ತದೆ. ಒಬ್ಬರೇ ನಡೆಸುವ ಅಂಗಡಿ ಅಥವಾ ಸಣ್ಣ ಗಿರಣಿಯಲ್ಲಿ ಮಾಲೀಕರ ದೃಷ್ಟಿ ಮಂದವಾದರೆ, ಕಾಲಿನ ಗಾಯ ಮಾಯದೆ ಆಸ್ಪತ್ರೆ ಸೇರಿದರೆ, ಚಿಕಿತ್ಸೆಯ ವೆಚ್ಚ ಮತ್ತು ನಿಂತ ವ್ಯಾಪಾರದ ನಷ್ಟ ಒಟ್ಟಿಗೇ ಬರುತ್ತವೆ. ದುಡಿಯುವ ಬಂಡವಾಳವೇ ಕರಗುತ್ತದೆ.

ಪರೀಕ್ಷೆ ಸುಲಭ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡುಬಂದರೆ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಸರಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಮೆಟ್‌ಫಾರ್ಮಿನ್‌ನಂತಹ ಔಷಧಿಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

ಮಧುಮೇಹಪೂರ್ವ ಸ್ಥಿತಿಯಲ್ಲಿರುವವರಿಗೆ ತಡೆಯ ದಾರಿಯೂ ಇದೆ. 2006ರಲ್ಲಿ ಪ್ರಕಟವಾದ ಚೆನ್ನೈನ ವೈದ್ಯರ ಅಧ್ಯಯನದಲ್ಲಿ ನಡಿಗೆ ಹಾಗೂ ಆಹಾರ ನಿಯಮಗಳಿಂದ ರೋಗದ ಅಪಾಯ ಶೇ. 28.5ರಷ್ಟು ತಗ್ಗಿತು. ದಿನಕ್ಕೆ ಅರ್ಧ ಗಂಟೆಯ ನಡಿಗೆ, ಸಕ್ಕರೆಯಿಲ್ಲದ ಚಹಾ, ಊಟದಲ್ಲಿ ಕಾಳು ಮತ್ತು ಸೊಪ್ಪು ಇದಕ್ಕೆ ಸಾಕಷ್ಟು ನೆರವಾಗುತ್ತವೆ.

ದೀಪಾವಳಿಯ ಆಸುಪಾಸಿನಲ್ಲಿಯೇ, ನವೆಂಬರ್ 14ರಂದು, ವಿಶ್ವ ಮಧುಮೇಹ ದಿನ ಬರುತ್ತದೆ. ಹೊಸ ಖಾತೆ ಪುಸ್ತಕ ತೆರೆಯುವ ಆ ದಿನಗಳಲ್ಲಿ ಮಾಲೀಕರು, ಗುಮಾಸ್ತರು ಮತ್ತು ಹಮಾಲರು ಒಟ್ಟಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದನ್ನು ಪ್ರತಿ ಅಂಗಡಿಯೂ ವಾರ್ಷಿಕ ಪದ್ಧತಿಯನ್ನಾಗಿ ಮಾಡಿಕೊಳ್ಳುವುದು ಉಚಿತ.