ತಂತ್ರಾಂಶಗಳಲ್ಲಿ ಪರಕೃತಿಗಳ ಅಂತರ್ಭಾವ

ಗಣಕಯಂತ್ರಕ್ಕೆ ಆದೇಶಗಳನ್ನು ರಚಿಸುವವರು ಪ್ರತಿಯೊಂದು ಕಾರ್ಯಕ್ಕೂ ಹೊಸದಾಗಿ ಬರೆಯುವುದಿಲ್ಲ. ಇತರರು ರಚಿಸಿಟ್ಟ ಆದೇಶಸಮೂಹಗಳನ್ನು ಆಶ್ರಯಿಸುವರು. ಇಂತಹ ಸಮೂಹಕ್ಕೆ ಲೈಬ್ರರಿಯೆಂದು ಹೆಸರು. ಒಂದು ಲೈಬ್ರರಿಯು ಮತ್ತೊಂದನ್ನು ಆಶ್ರಯಿಸುವಲ್ಲಿ ಎರಡು ಕ್ರಮಗಳುಂಟು. ಹೆಸರನ್ನು ಮಾತ್ರ ಸೂಚಿಸಿ, ಬೇಕಾದಾಗ ಮೂಲಸ್ಥಾನದಿಂದ ತರಿಸಿಕೊಳ್ಳುವುದು ಒಂದು. ಆ ಕೃತಿಯ ಪ್ರತಿಯನ್ನೇ ತನ್ನೊಳಗೆ ಅಡಕಮಾಡಿಕೊಳ್ಳುವುದು ಇನ್ನೊಂದು. ಟೀಕಾಕಾರನು ಮೂಲಗ್ರಂಥವನ್ನು ಹೆಸರಿಸಿ ಬಿಡುವುದಕ್ಕೂ, ಅದನ್ನೆಲ್ಲ ತನ್ನ ಓಲೆಗಳಲ್ಲಿಯೇ ಬರೆದುಕೊಳ್ಳುವುದಕ್ಕೂ ಇರುವ ಭೇದವೇ ಇಲ್ಲಿಯದು.

ಎರಡನೆಯ ಕ್ರಮಕ್ಕೆ ಬಲವಾದ ಕಾರಣಗಳಿಲ್ಲದೆ ಇಲ್ಲ. 2016ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಎನ್‌ಪಿಎಂ ಎಂಬ ಸಾರ್ವಜನಿಕ ಸಂಗ್ರಹದಿಂದ ಲೆಫ್ಟ್‌ಪ್ಯಾಡ್ ಎಂಬ 11 ಸಾಲುಗಳ ಕೃತಿಯನ್ನು ಅದರ ಕರ್ತೃವು ಹಿಂತೆಗೆದುಕೊಂಡನು. ಅದನ್ನು ಹೆಸರಿನಿಂದ ಮಾತ್ರ ಆಶ್ರಯಿಸಿದ್ದ ಅನೇಕ ತಂತ್ರಾಂಶಗಳ ನಿರ್ಮಾಣಕಾರ್ಯವು ಒಮ್ಮೆಲೇ ಕೆಟ್ಟು ನಿಂತಿತು. ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡವರಿಗೆ ಇಂತಹ ಬಾಧೆಯಿಲ್ಲ. ಇನ್ನು, ಪೈಥಾನ್ ಭಾಷೆಯ ಪಿಪ್ ಎಂಬ ಸಾಧನದ ಕೆಲಸವೇ ಇತರ ಲೈಬ್ರರಿಗಳನ್ನು ಸ್ಥಾಪಿಸುವುದು. ತನಗೆ ಬೇಕಾದವನ್ನು ಮೊದಲು ಸ್ಥಾಪಿಸಿರೆಂದು ಅದು ಕೇಳಲಾರದು. ಆದುದರಿಂದ ಅವನ್ನೆಲ್ಲ ತನ್ನ ಒಡಲಲ್ಲಿಯೇ ಹೊತ್ತಿರುವುದು.

ಆದರೆ ಮೂಲದಿಂದ ಅಗಲಿದ ಪ್ರತಿಗೆ ಮೂಲದ ತಿದ್ದುಪಡಿಗಳು ತಾವಾಗಿ ಬಂದು ಸೇರುವುದಿಲ್ಲ. ಝಾಂಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ಎಂಬವರು 1995ರಲ್ಲಿ ಪ್ರಕಟಿಸಿದ ಝಡ್‌ಲಿಬ್ ಎಂಬ ಲೈಬ್ರರಿಯು ದತ್ತಾಂಶವನ್ನು ಸಂಕ್ಷೇಪಿಸುವಂತಹುದು. ಅದನ್ನು ತಮ್ಮೊಳಗೆ ಅಡಕಮಾಡಿಕೊಂಡ ತಂತ್ರಾಂಶಗಳು ಬಹಳ. ಒಮ್ಮೆ ಬಿಟ್ಟುಕೊಟ್ಟ ಸ್ಮೃತಿಭಾಗವನ್ನೇ ಮತ್ತೊಮ್ಮೆ ಬಿಟ್ಟುಕೊಡುವ ಅಪಾಯಕರವಾದ ದೋಷವೊಂದು ಅದರಲ್ಲಿ 2002ರಲ್ಲಿ ಬಯಲಾಗಿ, 1.1.4 ಎಂಬ ಆವೃತ್ತಿಯಲ್ಲಿ ಪರಿಹೃತವಾಯಿತು. ಒಂದೇ ಝಡ್‌ಲಿಬ್ಬನ್ನು ಹಂಚಿಕೊಂಡಿದ್ದ ತಂತ್ರಾಂಶಗಳಿಗೆ ಆ ಒಂದನ್ನು ಬದಲಾಯಿಸಿದರೆ ಸಾಕಾಗಿದ್ದಿತು. ಪ್ರತಿಯನ್ನು ಒಳಗೊಂಡವನ್ನಾದರೋ ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಹೆಸರು, ಆವೃತ್ತಿಗಳ ದಾಖಲೆಯಿಲ್ಲದಲ್ಲಿ ಹುಡುಕುವುದೇ ದುಸ್ಸಾಧ್ಯ. ಡೆಬಿಯನ್ ಸಂಸ್ಥೆಯ ನಿಯಮಾವಳಿಯು ಇಂತಹ ಪ್ರತಿಗಳನ್ನು ಬಳಸದಿರುವುದೇ ಯುಕ್ತವೆಂದು ವಿಧಿಸಿರುವುದಕ್ಕೆ ಇದೇ ಬಗೆಯ ಅನುಭವವು ಆಧಾರ.

ಹಾಗಾದರೆ ಅಂತರ್ಭಾವವು ಸರ್ವಥಾ ವರ್ಜ್ಯವೇ? ಹಾಗೆನ್ನಲಾಗದು. ಪಿಪ್ ತಾನು ಹೊತ್ತಿರುವ ಪ್ರತಿಯೊಂದು ಕೃತಿಯ ಹೆಸರನ್ನೂ ಆವೃತ್ತಿಯನ್ನೂ ಒಂದು ಪಟ್ಟಿಯಲ್ಲಿ ನಮೂದಿಸುವುದು; ತಾನು ಮಾಡಿದ ಮಾರ್ಪಾಟುಗಳನ್ನು ಮೂಲಪಾಠದಿಂದ ಪ್ರತ್ಯೇಕಿಸಿ ಇಡುವುದು. ಓಲೆಪ್ರತಿಗಳ ಪಾಠಾಂತರಗಳನ್ನು ಶೋಧಿಸಿದವರಿಗೆ ಈ ಎಚ್ಚರದ ಬೆಲೆಯನ್ನು ವಿವರಿಸಬೇಕಾದುದಿಲ್ಲ. ಪರಕೃತಿಯನ್ನು ತನ್ನೊಳಗೆ ಬರೆದುಕೊಂಡವನು ಅದರ ಲಿಪಿಕಾರನು ಮಾತ್ರವಲ್ಲ, ಸಂಪಾದಕನೂ ಆಗುವನು; ಮೂಲವು ತಿದ್ದಲ್ಪಟ್ಟಾಗಲೆಲ್ಲ ತನ್ನ ಪ್ರತಿಯನ್ನು ತಿದ್ದುವ ಹೊಣೆಯು ಅಂದಿನಿಂದ ಅವನದೇ.