ಡಂಕರ್ಕ್‌ನಿಂದ ಮರಳಿದವರ ನೆನಪು: ಮನೆಯಲ್ಲಿ ಉಳಿದದ್ದನ್ನು ಕಾಪಾಡುವುದು ಹೇಗೆ

1940ರ ಮೇ 26ರ ಸಂಜೆಯಿಂದ ಜೂನ್ 4ರವರೆಗೆ ಫ್ರಾನ್ಸಿನ ಡಂಕರ್ಕ್ ಬಂದರು ಮತ್ತು ಅದರ ಪಕ್ಕದ ಮರಳದಂಡೆಯಿಂದ 3,38,226 ಸೈನಿಕರನ್ನು ಇಂಗ್ಲೆಂಡಿಗೆ ಸಾಗಿಸಲಾಯಿತು. ಲೆಕ್ಕ ಇಷ್ಟು ಕರಾರುವಾಕ್ಕಾಗಿದೆ, ಆದರೆ ಹೆಸರುಗಳ ಪಟ್ಟಿ ಇಲ್ಲ. ಬಾಂಬುಗಳು ಬೀಳುತ್ತಿದ್ದಾಗ ಯಾರು ಯಾವ ಹಡಗು ಹತ್ತಿದರೆಂದು ಬರೆದುಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಡೋವರ್, ರಾಮ್ಸ್‌ಗೇಟ್, ಫೋಕ್‌ಸ್ಟನ್‌ಗಳಲ್ಲಿ ಇಳಿದವರನ್ನು ತಲೆ ಎಣಿಸಿ ರೈಲು ಹತ್ತಿಸಿದರು. ಹಾಗಾಗಿ ‘ಅಜ್ಜ ಯಾವ ಹಡಗಿನಲ್ಲಿ ಬಂದರು’ ಎಂಬ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಸಿಗುವುದು ಮನೆಯವರ ಬಾಯಲ್ಲೇ ಹೊರತು ಸರ್ಕಾರಿ ಕಡತದಲ್ಲಲ್ಲ.

ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಈಗ ಬಹುಮಟ್ಟಿಗೆ ಇಲ್ಲ. ಅವರಿಂದ ಕೇಳಿಸಿಕೊಂಡ ಮಕ್ಕಳೂ ಮುಪ್ಪಿನಲ್ಲಿದ್ದಾರೆ. ಆದ್ದರಿಂದ ಕಾಗದಪತ್ರ, ಪದಕ, ಫೋಟೊಗಳ ಕೆಲಸ ಆಮೇಲೆ ಆಗಲಿ. ಮೊದಲು ಮಾತನ್ನು ದಾಖಲಿಸಿ.

ಇದಕ್ಕೆ ಮೊಬೈಲ್ ಫೋನ್ ಸಾಕು. ಕರೆ ಬಾರದಂತೆ ಅದನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಮಾತಾಡುವವರಿಗೆ ಹತ್ತಿರವಾಗಿ ಮೆತ್ತನೆಯ ಬಟ್ಟೆಯ ಮೇಲಿಡಿ. ಆರಂಭದಲ್ಲೇ ದಿನಾಂಕ, ಊರು, ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬುದನ್ನು ಗಟ್ಟಿಯಾಗಿ ಹೇಳಿ. ‘ಅಪ್ಪನಿಗೆ ಆಗ ಹೇಗನ್ನಿಸಿತಂತೆ’ ಎಂದು ಕೇಳಿದರೆ ಒಂದೇ ಸಾಲಿನ ಉತ್ತರ ಬರುತ್ತದೆ. ಕಾಲಲ್ಲಿ ಬೂಟು ಇತ್ತೇ, ಬಂದೂಕು ಜೊತೆಗೇ ತಂದರೇ, ಎಷ್ಟು ಹೊತ್ತು ನೀರಿನಲ್ಲಿ ನಿಂತಿದ್ದರು, ಹಡಗಿನಲ್ಲಿ ಕುಡಿಯಲು ಏನು ಕೊಟ್ಟರು, ರೈಲು ಮೊದಲು ಎಲ್ಲಿ ನಿಂತಿತು ಎಂದು ಕೇಳಿ. ಇಂಥ ಪ್ರಶ್ನೆಗಳಿಗೆ ಸಿಗುವ ಚಿಕ್ಕ ಉತ್ತರಗಳೇ ಮುಂದೆ ದಾಖಲೆಗಳ ಜೊತೆ ತಾಳೆ ನೋಡಲು ಒದಗುತ್ತವೆ.

ಅವರು ಏನನ್ನು ಹೇಳುತ್ತಿರಲಿಲ್ಲ ಎಂದೂ ಕೇಳಿ. ಸೋತು ಬಂದೆವೆಂಬ ನಾಚಿಕೆಯಲ್ಲಿ ಇಳಿದ ಎಷ್ಟೋ ಜನರಿಗೆ ನಿಲ್ದಾಣಗಳಲ್ಲಿ ಜೈಕಾರ ಕೇಳಿ ಗಲಿಬಿಲಿಯಾಗಿತ್ತು. ಹಲವರು ಮುಂದೆ ಆ ಮಾತನ್ನೇ ಎತ್ತಲಿಲ್ಲ. ಹೆಂಗಸರ ನೆನಪನ್ನು ಬಿಡಬೇಡಿ. ಬಂದಿಳಿದವರಿಗೆ ‘ಕ್ಷೇಮವಾಗಿದ್ದೇನೆ’ ಎಂದು ಮನೆಗೆ ಬರೆಯಲು ಅಂಚೆ ಕಾರ್ಡು ಕೊಟ್ಟಿದ್ದರು. ಆ ಕಾರ್ಡಿಗಾಗಿ ಕಾದ ತಾಯಿಯ, ಹೆಂಡತಿಯ ಮಾತು ಸೈನಿಕನ ಮಾತಿನಷ್ಟೇ ಬೆಲೆಯುಳ್ಳದ್ದು. ಕುಟುಂಬಗಳು ಅದನ್ನು ಕೇಳುವುದು ಕಡಿಮೆ ಎಂಬುದು ನನ್ನ ದುಃಖ. ಆ ಕಾರ್ಡು ಸಿಕ್ಕರೆ ಅದರ ಅಂಚೆ ಮುದ್ರೆಯನ್ನು ಮೊದಲು ನೋಡಿ. ದಿನಾಂಕ, ಊರು ಎರಡೂ ಅದರಲ್ಲಿರುತ್ತವೆ.

ತಾಳೆ ನೋಡುವ ಕೆಲಸ ಶುರುವಾಗುವುದು ಸೈನಿಕನ ಸಂಖ್ಯೆ ಮತ್ತು ಪಡೆಯ ಪೂರ್ಣ ಹೆಸರಿನಿಂದ. ಬ್ರಿಟಿಷ್ ಸೈನಿಕರ ಸೇವಾ ದಾಖಲೆಗಳನ್ನು ಅಲ್ಲಿನ ರಕ್ಷಣಾ ಸಚಿವಾಲಯ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ 2022ರಿಂದ ಹಂತಹಂತವಾಗಿ ಹಸ್ತಾಂತರಿಸುತ್ತಿದೆ. ಫ್ರಾನ್ಸಿಗೆ ಹೋಗಿದ್ದ ಪಡೆಗಳ ಯುದ್ಧ ದಿನಚರಿಗಳು ಅದೇ ಪತ್ರಾಗಾರದ ಡಬ್ಲ್ಯೂಓ 167 ಸರಣಿಯಲ್ಲಿವೆ. ನೌಕಾಪಡೆಯ ವರದಿಗಳನ್ನು ಎಡಿಎಂ 199ರಲ್ಲಿ ಹುಡುಕಬೇಕು. ಆದರೆ ಹಿಮ್ಮೆಟ್ಟುವಾಗ ಎಷ್ಟೋ ಪಡೆಗಳು ತಮ್ಮ ಕಾಗದಗಳನ್ನು ಸುಟ್ಟುಹಾಕಿದ್ದವು; ಇಂಗ್ಲೆಂಡ್ ತಲುಪಿದ ಮೇಲೆ ಅಧಿಕಾರಿಗಳು ನೆನಪಿನಿಂದ ಮತ್ತೆ ಬರೆದ ದಿನಚರಿಗಳೂ ಇವೆ. ಎಂದರೆ ಅಧಿಕೃತ ದಾಖಲೆಯೂ ಕೆಲವೊಮ್ಮೆ ಇನ್ನೊಬ್ಬರ ನೆನಪೇ. ಎರಡೂ ಹೊಂದದಿದ್ದಾಗ ಮನೆಯ ಮಾತನ್ನು ತಿದ್ದಿ ಅಳಿಸಬೇಡಿ. ಯಾರು, ಯಾವಾಗ ಹೇಳಿದ್ದು ಎಂದು ಬರೆದು, ದಾಖಲೆಯಲ್ಲಿ ಇರುವುದನ್ನು ಅದರ ಪಕ್ಕದಲ್ಲಿ ಬರೆಯಿರಿ.

ಎರಡು ಕಡೆ ಗೊಂದಲ ಸಾಮಾನ್ಯ. ‘ಮೀನುಗಾರರ ದೋಣಿಯಲ್ಲಿ ಬಂದರು’ ಎಂಬ ಮಾತು ಅನೇಕ ಮನೆಗಳಲ್ಲಿದೆ. ಲೆಕ್ಕದ ಪ್ರಕಾರ 2,39,446 ಜನ ಬಂದರಿನಿಂದಲೇ ಹೊರಟವರು, ಹೆಚ್ಚಿನವರು ಪೂರ್ವದ ಉದ್ದನೆಯ ಅಲೆತಡೆ ಗೋಡೆಯ ಮೇಲೆ ಸಾಲುಗಟ್ಟಿ ನಿಂತು ಹಡಗು ಹತ್ತಿದವರು. ಮರಳದಂಡೆಯಿಂದ ಹೊರಟವರು 98,780. ಅಲ್ಲಿ ನೀರು ಆಳವಿಲ್ಲದ ಕಾರಣ ಚಿಕ್ಕ ದೋಣಿಗಳು ಜನರನ್ನು ದೂರದಲ್ಲಿ ನಿಂತ ದೊಡ್ಡ ಹಡಗುಗಳಿಗೆ ಮುಟ್ಟಿಸುತ್ತಿದ್ದವು. ಹಾಗಾಗಿ ಅಜ್ಜನ ದೋಣಿ ನಿಜವೇ ಇರಬಹುದು, ಪ್ರಯಾಣದ ಮೊದಲ ತುಂಡಷ್ಟೇ ಅದರಲ್ಲಿ ಆಗಿರಬಹುದು. ಇನ್ನೊಂದು, ‘ಡಂಕರ್ಕ್’ ಎಂಬ ಹೆಸರೇ ಎಲ್ಲ ತೆರವುಗಳಿಗೂ ಅಂಟಿಕೊಂಡಿದೆ. ಜೂನ್ ಮಧ್ಯದಿಂದ ಶೆರ್‌ಬೂರ್, ಬ್ರೆಸ್ಟ್, ಸೇಂಟ್ ನಜೇರ್ ಮೊದಲಾದ ಬಂದರುಗಳಿಂದ ಸುಮಾರು 1,90,000 ಜನರನ್ನು ಕರೆತಂದರು. ಜೂನ್ 17ರಂದು ಸೇಂಟ್ ನಜೇರ್ ಬಳಿ ಲ್ಯಾಂಕಾಸ್ಟ್ರಿಯಾ ಹಡಗು ಮುಳುಗಿ ಸಾವಿರಾರು ಜನ ಸತ್ತದ್ದು ಈ ತೆರವಿನಲ್ಲೇ. ಅಜ್ಜ ‘ಎಣ್ಣೆ ತುಂಬಿದ ಸಮುದ್ರದಲ್ಲಿ ಈಜಿದೆ’ ಎಂದಿದ್ದರೆ ಜೂನ್ ಮಧ್ಯದ ದಾಖಲೆಗಳನ್ನೂ ನೋಡಬೇಕು.

ಈ ಕಥೆಯಲ್ಲಿ ಭಾರತದವರೂ ಇದ್ದಾರೆ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ನಾಲ್ಕು ಹೇಸರಗತ್ತೆ ಕಂಪನಿಗಳು 1939ರ ಡಿಸೆಂಬರ್‌ನಲ್ಲಿ ಮಾರ್ಸೇಲ್ಸ್‌ನಲ್ಲಿ ಇಳಿದಿದ್ದವು. ಬಹುಪಾಲು ಅವಿಭಜಿತ ಪಂಜಾಬಿನ ಮುಸಲ್ಮಾನ ಸೈನಿಕರು. ಮೂರು ಕಂಪನಿಗಳು ಪಾರಾದವು, ಒಂದು ಜರ್ಮನರ ಸೆರೆಯಾಯಿತು, ಪ್ರಾಣಿಗಳನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಪಾರಾದವರು ಬ್ರಿಟನ್ನಿನಲ್ಲೇ ವರ್ಷಗಟ್ಟಲೆ ಉಳಿದರು. ದೇಶ ವಿಭಜನೆಯಾದ ಮೇಲೆ ಅವರ ಮನೆಗಳಲ್ಲಿ ಹೆಚ್ಚಿನವು ಪಾಕಿಸ್ತಾನಕ್ಕೆ ಸೇರಿದವು, ಕಡತಗಳ ಬಹುಪಾಲು ಲಂಡನ್ನಿನಲ್ಲಿ ಉಳಿಯಿತು. ಹೀಗಾಗಿ ಅವರ ನೆನಪು ಬ್ರಿಟಿಷ್ ಸೈನಿಕರದಕ್ಕಿಂತ ಬೇಗ ಮಸುಕಾಯಿತು. ಇದು ನನ್ನನ್ನು ಬಹಳ ಕಾಡುವ ಸಂಗತಿ. ಆ ಕೋರ್‌ನ ಭಾರತದ ವಾರಸುದಾರ ಆರ್ಮಿ ಸರ್ವಿಸ್ ಕೋರ್. ಅದರ ಕೇಂದ್ರ ಇರುವುದು ಬೆಂಗಳೂರಿನಲ್ಲಿ.

ಇನ್ನು ವಸ್ತುಗಳು. ಪದಕವನ್ನು ಬ್ರಾಸೋ ಹಾಕಿ ಉಜ್ಜಬೇಡಿ, ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯ ಸೈನಿಕರಿಗೆ ಸಂಖ್ಯೆ, ಹೆಸರು, ಪಡೆ ಕೆತ್ತಿಸಿ ಕೊಟ್ಟರು. ಹಾಗಾಗಿ ಬೇರೆ ಯಾವ ಕಾಗದವೂ ಉಳಿಯದ ಮನೆಯಲ್ಲಿ ಪದಕವೇ ದಾಖಲೆ. ಭೂತಗನ್ನಡಿ ಹಿಡಿದು ದುಂಡು ಪದಕದ ಅಂಚನ್ನೂ ನಕ್ಷತ್ರದ ಹಿಂಬದಿಯನ್ನೂ ನೋಡಿ.

ಪತ್ರಗಳಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೊ ಟೇಪ್ ಬೇಡ. ತುಕ್ಕು ಹಿಡಿದ ಗುಂಡುಸೂಜಿ ಮೆಲ್ಲಗೆ ತೆಗೆದು, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಮಡಿಸದೆ ಇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಫೋಟೊದ ಹಿಂದೆ ಬಾಲ್‌ಪೆನ್ ಬದಲು ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಯಾರ್ಯಾರು ಎಂದು ಬರೆಯಿರಿ. ಸ್ಕ್ಯಾನ್ 600 ಡಿಪಿಐನಲ್ಲಿರಲಿ, ಬರಹವಿದ್ದರೆ ಹಿಂಬದಿಯನ್ನೂ ಮಾಡಿ. ಪ್ರತಿಗಳು ಮೂರು ಇರಲಿ, ಅದರಲ್ಲೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಮೂಲವನ್ನು ವಸ್ತುಸಂಗ್ರಹಾಲಯಕ್ಕೆ ಕೊಡುವುದಾದರೆ ದಾನವೋ ಎರವಲೋ, ಯಾರು ನೋಡಬಹುದು, ಯಾವುದನ್ನು ಪ್ರಕಟಿಸಬಾರದು ಎಂಬುದು ಕಾಗದದ ಮೇಲೆ ಇರಲೇಬೇಕು.

ನಮ್ಮ ಕಡೆಯ ಮನೆಗಳಿಗೆ ಡಂಕರ್ಕ್‌ಗಿಂತ ಬರ್ಮಾ ಹತ್ತಿರದ್ದು. 1942ರ ಮಾರ್ಚಿನಲ್ಲಿ ರಂಗೂನ್ ಬಿದ್ದು, ಸೈನ್ಯ ಮೇ ತಿಂಗಳ ಹೊತ್ತಿಗೆ ಇಂಫಾಲದ ಕಡೆಗೆ ಹಿಮ್ಮೆಟ್ಟಿತು. ಆ ದಾರಿಯಲ್ಲಿ ನಡೆದು ಬಂದವರ ಮನೆಯಲ್ಲೂ ಇದೇ ಕ್ರಮ ಅನ್ವಯಿಸುತ್ತದೆ. ಪಡೆಗಳ ದಿನಚರಿಗಳು ಕ್ಯೂನ ಡಬ್ಲ್ಯೂಓ 172 ಸರಣಿಯಲ್ಲಿವೆ. ಅಜ್ಜ ಮದ್ರಾಸ್ ಸ್ಯಾಪರ್ಸ್‌ನವರಾಗಿದ್ದರೆ ಬೆಂಗಳೂರಿನಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ದಾಖಲೆ ಕಚೇರಿಗೆ ಬರೆಯಬೇಕು. ಅರ್ಜಿಯಲ್ಲಿ ಪದಕದ ಮೇಲಿನ ಸಂಖ್ಯೆಯ ಜೊತೆ ಊರಿನ ಆಗಿನ ವಿಳಾಸ ಕೊಡಿ: ಕೊಡಗು ಆಗ ಪ್ರತ್ಯೇಕ ಪ್ರಾಂತ್ಯ, ಮಂಗಳೂರು ಮತ್ತು ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾಸನ ಮೈಸೂರು ಸಂಸ್ಥಾನದಲ್ಲಿತ್ತು.