ಇನ್ನೂರ ಹತ್ತನೆಯ ದಿನದ ಗಾಳಿ

ಜಪಾನಿನ ಪಂಚಾಂಗದಲ್ಲಿ ಸೆಪ್ಟೆಂಬರ್ 1ರ ಆಸುಪಾಸಿಗೆ ‘ನಿಹ್ಯಾಕು ತೋಕ’ ಎಂಬ ನಮೂದು ಇರುತ್ತದೆ. ಇನ್ನೂರ ಹತ್ತನೆಯ ದಿನ ಎಂದರ್ಥ. ಫೆಬ್ರುವರಿ 4ರ ಸುಮಾರಿಗೆ ಬರುವ ವಸಂತಾರಂಭದಿಂದ ಎಣಿಸಿದ ಲೆಕ್ಕವಿದು. ಬೇಸಿಗೆ ಮುಗಿದು ಶರತ್ಕಾಲ ಕಾಲಿಡುವ ಹೊತ್ತಿಗೆ ಭತ್ತ ಹೂ ಬಿಡುತ್ತದೆ; ದಕ್ಷಿಣದ ಕಡಲಿನಿಂದ ಚಂಡಮಾರುತಗಳು ಏರಿ ಬರುವುದೂ ಆಗಲೇ. ಒಂದು ರಾತ್ರಿಯ ಗಾಳಿಗೆ ವರ್ಷದ ಅನ್ನ ಹೋಗಬಹುದು.

ಹಿಂದೆ ಅಲ್ಲಿ ಬಳಕೆಯಲ್ಲಿದ್ದ ಚಾಂದ್ರಮಾನದ ತಿಂಗಳುಗಳು ವರ್ಷವರ್ಷಕ್ಕೂ ಹಿಂದೆಮುಂದೆ ಸರಿಯುತ್ತಿದ್ದುದರಿಂದ ಗಾಳಿಯ ದಿನವನ್ನು ಅವುಗಳಿಗೆ ಕಟ್ಟಿಹಾಕುವಂತಿರಲಿಲ್ಲ. ಅದಕ್ಕೇ ಸೂರ್ಯನ ಲೆಕ್ಕ. ನಮ್ಮ ರೈತರು ಸೂರ್ಯನಿರುವ ನಕ್ಷತ್ರದ ಮೇಲೆ ಮಳೆಯನ್ನು ಗುರುತಿಸುವುದೂ ಇಂಥದೇ ಉಪಾಯ. ಇಲ್ಲಿ ಹುಬ್ಬೆ ಮಳೆ ಹುಟ್ಟುವ ಹೊತ್ತಿಗೇ ಅಲ್ಲಿ ಆ ದಿನ ಬರುತ್ತದೆ.

ಗಾಳಿ ಬರುವುದು ಖಚಿತವಾದರೆ ಮಾಡಬೇಕಾದ್ದೇನು? ಮನೆ ಸೇರುವುದು, ‘ಅಮಾದೊ’ ಎಳೆಯುವುದು. ಕಾಗದ ಅಂಟಿಸಿದ ಹಗುರ ಬಾಗಿಲುಗಳ ಹೊರಗೆ ಗಾಡಿಯಲ್ಲಿ ಸರಿಯುವ ಮರದ ಹಲಗೆಗಳಿವು. ಹೂಕುಂಡ, ಬಟ್ಟೆ ಒಣಗಿಸುವ ಗಳು ಒಳಗೆ ಬರುತ್ತವೆ, ಸ್ನಾನದ ತೊಟ್ಟಿಗೆ ನೀರು ತುಂಬುತ್ತದೆ, ಮೇಣದಬತ್ತಿ ಹೊರಬರುತ್ತದೆ. ಮಾರನೆಯ ದಿನದ ನಿರ್ಮಲ ಆಕಾಶಕ್ಕೆ ‘ತೈಫೂ ಇಕ್ಕ’ ಎನ್ನುತ್ತಾರೆ, ಅಂದರೆ ಚಂಡಮಾರುತ ದಾಟಿತು. ಅದೇ ಉಚ್ಚಾರಕ್ಕೆ ‘ಚಂಡಮಾರುತದ ಸಂಸಾರ’ ಎಂಬ ಅರ್ಥವೂ ಹೊರಡುವುದರಿಂದ, ಗಾಳಿಯಪ್ಪ ಮಕ್ಕಳುಮರಿ ಕಟ್ಟಿಕೊಂಡು ಬಂದನೆಂದು ಮಕ್ಕಳು ತಿಳಿಯುವುದುಂಟು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಮುರಸಾಕಿ ಶಿಕಿಬು ಬರೆದ ‘ಗೆಂಜಿಯ ಕಥೆ’ಯಲ್ಲಿ ಈ ಶರತ್ಕಾಲದ ಗಾಳಿಗೆಂದೇ ಒಂದು ಅಧ್ಯಾಯವಿದೆ. ಬಿರುಗಾಳಿಗೆ ಮನೆಯ ತೆರೆಗಳು ಅಸ್ತವ್ಯಸ್ತವಾಗಿ, ಗೆಂಜಿ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದ ಮಡದಿ ಅವನ ಮಗನ ಕಣ್ಣಿಗೆ ಬೀಳುತ್ತಾಳೆ. ಮನೆ ಎಷ್ಟರಮಟ್ಟಿಗೆ ಮರೆ ಎಂಬ ಅನುಮಾನ ಅಂದೇ ಇತ್ತು.

ಅದು ನಿಜವಾದದ್ದು 1959ರ ಸೆಪ್ಟೆಂಬರ್ 26ರಂದು. ಶನಿವಾರ. ಆ ವರ್ಷದ 15ನೆಯ ಚಂಡಮಾರುತ ಸಂಜೆ ದಡ ಹತ್ತಿತು. ಮುನ್ಸೂಚನೆ ಸಮಯಕ್ಕೆ ಸರಿಯಾಗಿಯೇ ಹೋಗಿತ್ತು. ಆದರೆ ಬಹಳಷ್ಟು ಮಂದಿ ಹಿಂದಿನಂತೆ ಹಲಗೆ ಎಳೆದು ಮನೆಯಲ್ಲಿ ಕುಳಿತರು. ವಿದ್ಯುತ್ ಹೋಯಿತು, ರೇಡಿಯೊ ಮೌನವಾಯಿತು. ನಗೋಯಾದ ದಕ್ಷಿಣ ಭಾಗ ಕಡಲನ್ನು ಒತ್ತಿ ಪಡೆದ ತಗ್ಗು ನೆಲ. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಬಂದರಿನಲ್ಲಿ ನೀರು 3.89 ಮೀಟರ್ ಏರಿತು. ಬಂದರಿನ ಕೊಳಗಳಲ್ಲಿ ತೇಲಿಬಿಟ್ಟಿದ್ದ ಭಾರೀ ದಿಮ್ಮಿಗಳು ಕತ್ತಲಲ್ಲಿ ನೀರಿನೊಡನೆ ನುಗ್ಗಿ ಮನೆಗಳನ್ನು ಒಡೆದವು. ಸತ್ತವರು, ಕಾಣೆಯಾದವರು ಒಟ್ಟು ಐದು ಸಾವಿರಕ್ಕೂ ಹೆಚ್ಚು. ಗಾಳಿಗೆ ಕಟ್ಟಿದ ಕೋಟೆ ನೀರಿಗೆ ಬೋನಾಯಿತು.

1960ರಲ್ಲಿ ಸರ್ಕಾರ ಸೆಪ್ಟೆಂಬರ್ 1ನ್ನು ವಿಪತ್ತು ನಿವಾರಣೆಯ ದಿನವೆಂದು ಸಾರಿತು. 1923ರ ಕಾಂತೊ ಭೂಕಂಪದ ದಿನವೂ ಅದೇ. 1961ರಲ್ಲಿ ವಿಪತ್ತು ನಿರ್ವಹಣೆಯ ಮೂಲ ಕಾನೂನು ಬಂತು. 1964ರಲ್ಲಿ ಚಂಡಮಾರುತವನ್ನು ದೂರದಿಂದಲೇ ಕಾಣಲು ಫುಜಿ ಶಿಖರದ ಮೇಲೆ ರೇಡಾರ್ ಏರಿತು. ಉಪಗ್ರಹಗಳ ಕಾಲ ಬಂದ ಮೇಲೆ, 1999ರಲ್ಲಿ, ಅದು ನಿವೃತ್ತವಾಯಿತು. ಈಗ ಮನೆಯಲ್ಲಿರಿ ಎಂಬ ಒಂದೇ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಹೊಳೆ, ಕಡಲು, ಗುಡ್ಡದ ಬುಡದವರು ಬೆಳಕಿರುವಾಗಲೇ ಶಾಲೆ, ಸಭಾಭವನ ಸೇರಬೇಕು, ಉಳಿದವರು ಮನೆಯಲ್ಲಿರಬಹುದು.

2019ರ ಅಕ್ಟೋಬರ್ 12ರಂದೂ ಶನಿವಾರವೇ. ‘ಹಗಿಬಿಸ್’ ಬರುವ ಮೊದಲೇ ಟೋಕಿಯೊ ಸುತ್ತಿನ ರೈಲುಗಳನ್ನು ಪ್ರಕಟಣೆ ಕೊಟ್ಟು ನಿಲ್ಲಿಸಲಾಯಿತು, ಅಂಗಡಿಗಳು ಮುಚ್ಚಿದವು. ಭಾನುವಾರ ನಸುಕಿನಲ್ಲಿ ನಾಗಾನೊದ ಚಿಕುಮಾ ನದಿ ಒಡ್ಡು ಒಡೆಯಿತು. ಅಲ್ಲಿನ ಡಿಪೊದಲ್ಲಿ ಸಾಲಾಗಿ ನಿಲ್ಲಿಸಿದ್ದ ಹತ್ತು ಶಿಂಕನ್ಸೆನ್ ರೈಲುಗಳು, ಒಟ್ಟು 120 ಬೋಗಿಗಳು, ನಿಂತಲ್ಲೇ ನೀರಲ್ಲಿ ಮುಳುಗಿದವು.